ನದಿ ದಾಟುವ ಆಟ

ಹೊರಟಿದ್ದು ಯೆಲ್ಲೋಸ್ಟೋನ್ ನೋಡೋಕೆ. ಅದು ಫೋಟೋದಲ್ಲಿದ್ದ ಹಾಗೇ ಇತ್ತು, ಬಿಡಿ. ತಲೆಯಲ್ಲಿ ಕೂತಿದ್ದು ಡೆನ್ವರ್‌ಗೆ ವಾಪಸ್ ಬರುವಾಗ ಸುಮ್ಮನೆ ಕಾರು ತಿರುಗಿಸಿದ, ಅಮೆರಿಕದ ವಯೋಮಿಂಗ್ ರಾಜ್ಯದ ಮಾರ್ಟಿನ್ಸ್ ಕೋವ್.

1856ರಲ್ಲಿ ಎತ್ತಿನ ಗಾಡಿಗೆ ದುಡ್ಡಿಲ್ಲದ ಬಡ ಮಾರ್ಮನ್ನರು (ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥದವರು), ಹೆಚ್ಚಿನವರು ಬ್ರಿಟನ್ನಿನವರು, ಕೈಗಾಡಿ ಎಳೆದುಕೊಂಡು ತಮ್ಮ ಪಂಥದವರ ಊರಾದ ಸಾಲ್ಟ್ ಲೇಕ್‌ಗೆ ಹೊರಟು ಹಿಮಕ್ಕೆ ಸಿಕ್ಕಿದ ಜಾಗ. ತಲೆಗೆ 17 ಪೌಂಡ್ ಸಾಮಾನು, ಎಂಟು ಕಿಲೋನೂ ಇಲ್ಲ. ಮಾರ್ಟಿನ್ ಮತ್ತು ವಿಲಿ ತಂಡಗಳಲ್ಲಿ ಒಟ್ಟು 200ಕ್ಕೂ ಹೆಚ್ಚು ಜನ ಸತ್ತರು. ಈಗ ಬೇಸಿಗೆಯಲ್ಲಿ ಅವರ ಸಮುದಾಯದ ಹುಡುಗ ಹುಡುಗಿಯರು ಹಳೇ ಕಾಲದ ವೇಷ ತೊಟ್ಟು ಅದೇ ಥರದ ಗಾಡಿ ಎಳೀತಾರೆ. ಧರ್ಮಸ್ಥಳಕ್ಕೆ ನಡೆದು ಕಾಲು ಬೊಬ್ಬೆ ಬರಿಸಿಕೊಂಡವನು ನಾನು, ನಡೆಯೋದು ಅರ್ಥವಾಗುತ್ತೆ. ವೇಷ ಯಾಕೋ ಇರಿಸುಮುರಿಸು.

ಅಲ್ಲಿನ ಸ್ವೀಟ್‌ವಾಟರ್ ನದಿ ಹತ್ತಿರ ಸೊಳ್ಳೆ ಹೇಗಿದ್ದವೆಂದರೆ, ಕಿವಿ ಇನ್ನೂ ತುರಿಸುತ್ತಿದೆ. ತುಂಬು ತೋಳಿನ ಅಂಗಿ ಇಲ್ಲದೆ ಹೋಗಬೇಡಿ.

ನದಿ ದಡದಲ್ಲಿ ವಯಸ್ಸಾದ ಸ್ವಯಂಸೇವಕರೊಬ್ಬರು ಕಥೆ ಹೇಳುತ್ತಿದ್ದರು: ಮೂವರು ಹುಡುಗರು ಎಲ್ಲರನ್ನೂ ಹೊತ್ತು ದಾಟಿಸಿ, ಆ ಚಳಿಯಿಂದಲೇ ಸತ್ತರಂತೆ. (ಆಮೇಲೆ ಓದಿದೆ: ಹೊತ್ತವರು ಇನ್ನೂ ಇದ್ದರು, ಎಷ್ಟೋ ಜನ ತಾವೇ ನಡೆದು ದಾಟಿದ್ದರು. ಆ ಮೂವರಲ್ಲಿ ಒಬ್ಬನಾದ ಡೇವಿಡ್ ಕಿಂಬಲ್ 1883ರವರೆಗೂ ಬದುಕಿದ್ದ.) ಕಥೆ ಮುಗಿದದ್ದೇ ಹುಡುಗರು ಹುಡುಗಿಯರನ್ನು ಎತ್ತಿಕೊಂಡು ನೀರಿಗಿಳಿದರು. ಮೊಣಕಾಲುದ್ದ ನೀರು, ಜುಲೈ ಬಿಸಿಲು, ಕೇಕೆ.

ಒಬ್ಬಳು ಮಾತ್ರ ಒಪ್ಪಲಿಲ್ಲ. ಲಂಗ ಎತ್ತಿ ಕಟ್ಟಿ ತಾನೇ ದಾಟಿ, ನನ್ನ ಪಕ್ಕದ ಬಂಡೆ ಮೇಲೆ ಕೂತು ಹಸಿರು ಶೂ ಬಿಚ್ಚಿದಳು. ಯಾಕಮ್ಮ ಅಂದೆ.

"ನಮ್ಮಜ್ಜಿಯ ಮುತ್ತಜ್ಜಿ ಈ ತಂಡದಲ್ಲಿದ್ದಳು. ಅವಳನ್ನು ಯಾರಾದರೂ ಎತ್ತಿಕೊಂಡ ಕಥೆ ನಮ್ಮ ಮನೆಯಲ್ಲಿಲ್ಲ. ನಡೆದಳು, ಅಷ್ಟೆ."

ದಾರಿಯಲ್ಲಿ ಹೆಂಡತಿ ಓದಿ ಹೇಳಿದ್ದು ನೆನಪಾಯಿತು. ನೆಬ್ರಾಸ್ಕಾದ ಫ್ಲಾರೆನ್ಸ್‌ನಲ್ಲಿ ಲೀವೈ ಸ್ಯಾವೇಜ್ ಅನ್ನುವವನು ವಿಲಿ ತಂಡಕ್ಕೆ ಹೇಳಿದ್ದ: ಆಗಸ್ಟ್ ಬಂತು, ಮುದುಕರು ಮಕ್ಕಳನ್ನು ಕಟ್ಟಿಕೊಂಡು ಈಗ ಹೊರಡೋದು ಬೇಡ. ಹೊರಡೋಣ ಅಂತಲೇ ಹೆಚ್ಚು ಕೈ ಎದ್ದವು. ಅವನೂ ಜೊತೆಗೆ ನಡೆದ.

"ಆ ಸಭೆಯನ್ನು ಯಾಕೆ ಆಡಲ್ಲ ನೀವು?"

ಸ್ವಲ್ಪ ಹೊತ್ತು ಶೂನಿಂದ ನೀರು ಬಸಿಯುತ್ತಾ ಕೂತಳು. "ಆಡಿದರೆ ನಾವೂ ಕೈ ಎತ್ತುತ್ತೀವಿ," ಅಂದಳು.

ಆಚೆಯಿಂದ ಯಾರೋ ಕೂಗಿದರು. ಒದ್ದೆ ಕಾಲುಚೀಲ ಹಿಂಡಿ ಗಾಡಿಯ ಅಡ್ಡಕಂಬಿಗೆ ಹಾಕಿ, ಎಳೆಯೋಕೆ ನಿಂತಳು.