ಹೈಡ್ರೋಜೆಲ್ ಮತ್ತು ಬೋರ್‌ವೆಲ್ ನೀರು

ಹೈಡ್ರೋಜೆಲ್ ಎಂದರೆ ನೀರು ಹೀರಿ ಹಿಡಿದಿಡಲು ಮಣ್ಣಿಗೆ ಬೆರೆಸುವ ಹರಳು. ಅದರ ಪೊಟ್ಟಣದ ಮೇಲೆ ‘ತೂಕದ 400 ಪಟ್ಟು ನೀರು ಹೀರುತ್ತದೆ’ ಎಂದಿರುತ್ತದೆ. ಅದು ಡಿಸ್ಟಿಲ್ಡ್ ವಾಟರಿನ ಲೆಕ್ಕ. ಗಡಸು ಬೋರ್‌ವೆಲ್ ನೀರಿಗೆ ಅದನ್ನು ನಂಬಬೇಡಿ.

ಕುಂಡಗಳಿಗೆ ಮಾರುವ ಬಿಳಿ ಹರಳು ಸಾಮಾನ್ಯವಾಗಿ ಪೊಟ್ಯಾಸಿಯಂ ಪಾಲಿಅಕ್ರಿಲೇಟ್, ಅಂದರೆ ಉದ್ದ ಸರಪಳಿಯಂಥ ಅಣುಗಳ ವಸ್ತು. ನೀರು ಸೋಕಿದಾಗ ಪೊಟ್ಯಾಸಿಯಂ ಅಯಾನುಗಳು (ವಿದ್ಯುದಂಶವಿರುವ ಕಣಗಳು) ಸಡಿಲವಾಗಿ, ಸರಪಳಿಯ ಋಣ ವಿದ್ಯುದಂಶಗಳು ಒಂದನ್ನೊಂದು ದೂಡುತ್ತವೆ. ಒಳಗಿನ ಅಯಾನುಗಳ ಸೆಳೆತಕ್ಕೆ ನೀರು ನುಗ್ಗುತ್ತದೆ. ಸರಪಳಿಗಳ ನಡುವೆ ಅಡ್ಡ ಬೆಸುಗೆ ಇರುವುದರಿಂದ ಹರಳು ಕರಗದೆ ಉಬ್ಬುತ್ತದೆ. ಹೊರಗಿನ ನೀರಲ್ಲೂ ಉಪ್ಪಿದ್ದರೆ ಈ ಸೆಳೆತ ಕುಗ್ಗುತ್ತದೆ. ಡೈಪರಿನೊಳಗಿನ ಇದೇ ಜಾತಿಯ ಸೋಡಿಯಂ ಪಾಲಿಅಕ್ರಿಲೇಟ್ ಪುಡಿ ಉಪ್ಪಿನಂಶವಿರುವ ಮೂತ್ರವನ್ನು ಸುಮಾರು 30ರಿಂದ 50 ಪಟ್ಟು ಮಾತ್ರ ಹಿಡಿಯುವುದು ಇದಕ್ಕೇ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಇನ್ನೂ ಕೆಟ್ಟದ್ದು: ಎರಡು ಸರಪಳಿಗಳನ್ನು ಕಚ್ಚಿ ಹಿಡಿದು ಜೆಲ್ಲನ್ನು ಬಿಗಿಯಾಗಿಸುತ್ತದೆ. ಆಮೇಲೆ ಮಳೆನೀರು ಹಾಕಿದರೂ ಅದು ಪೂರ್ತಿ ಉಬ್ಬದು. ಗೊಬ್ಬರಗಳಲ್ಲಿ ಯೂರಿಯಾ ಅಷ್ಟು ತೊಂದರೆ ಕೊಡುವುದಿಲ್ಲ, ಕ್ಯಾಲ್ಸಿಯಂ ನೈಟ್ರೇಟ್ ಕೊಡುತ್ತದೆ.

ಮನೆಯಲ್ಲೇ ಪರೀಕ್ಷಿಸಿ. ಅರ್ಧ ಲೀಟರ್ ಮಳೆನೀರಿಗೆ 1 ಗ್ರಾಂ, ಅಷ್ಟೇ ಬೋರ್ ನೀರಿಗೆ 1 ಗ್ರಾಂ ಹರಳು ಹಾಕಿ. ಎರಡು ಗಂಟೆ ಬಿಟ್ಟು ತೆಳು ಬಟ್ಟೆಯಲ್ಲಿ ಸೋಸಿ, ಹಿಂಡದೆ ತೂಗಿ. ಒದ್ದೆ ಬಟ್ಟೆಯ ತೂಕ ಕಳೆಯಿರಿ. ನಿಮ್ಮ ನೀರಿಗೆ ನಿಜವಾದ ಅಂಕಿ ಇದೇ.

ಕುಂಡಕ್ಕೆ ಪ್ರತಿ ಲೀಟರ್ ಮಣ್ಣಿಗೆ 1 ಗ್ರಾಂ ಸಾಕು. ಹೆಚ್ಚು ಹಾಕಿದರೆ ಜೆಲ್ ಉಬ್ಬಿ ಮಣ್ಣನ್ನೂ ಗಿಡವನ್ನೂ ಮೇಲಕ್ಕೆತ್ತುತ್ತದೆ, ಬೇರಿಗೆ ಗಾಳಿಯಾಡದೆ ಕೊಳೆಯುತ್ತದೆ. ಮಣ್ಣಿನ ಮೇಲೆ ಉದುರಿಸಬೇಡಿ, ಬಿಸಿಲಿಗೆ ಬೇಗ ಕೆಡುತ್ತದೆ. ಬೇರಿನ ಮಟ್ಟದಲ್ಲಿ ಬೆರೆಸಿ. ಡೈಪರ್ ಬಿಚ್ಚಿ ಅದರ ಪುಡಿಯನ್ನು ಗಿಡಕ್ಕೆ ಹಾಕುವುದು ಬೇಡ, ಮಣ್ಣಿಗೆ ಸೋಡಿಯಂ ಸೇರುತ್ತದೆ.

ಹೊಲದ ಲೆಕ್ಕವೇ ಬೇರೆ. ಎಕರೆಗೆ 2 ಕೆಜಿ ಹಾಕಿ, 350 ಪಟ್ಟು ಹೀರಿತೆಂದೇ ಇಟ್ಟುಕೊಂಡರೂ 700 ಲೀಟರ್ ಆಯಿತು. ಎಕರೆಯ ಮೇಲೆ ಬೀಳುವ 1 ಮಿಮೀ ಮಳೆಯೇ ಸುಮಾರು 4,000 ಲೀಟರ್! ಹಾಗಾಗಿ ಎರಚುವುದು ದಂಡ. ಒಣ ಮಣ್ಣಲ್ಲಿ ಕಲಸಿ ಬಿತ್ತನೆ ಸಾಲಿನಲ್ಲೇ, ಬೀಜದ ಪಕ್ಕ ಬಿಟ್ಟರೆ ಮೊಳಕೆಯ ದಿನಗಳಲ್ಲಿ ಸ್ವಲ್ಪ ನೆರವಾದೀತು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಹೈಡ್ರೋಜೆಲ್ ಸೆಲ್ಯುಲೋಸ್ (ಸಸ್ಯಗಳ ನಾರಿನಂಶ) ಆಧಾರಿತ, ನಮ್ಮ ಬಿಸಿ ಮಣ್ಣಿಗೆಂದೇ ಮಾಡಿದ್ದು.

ಉಳಿದ ಜೆಲ್ಲನ್ನು ಸಿಂಕಿಗೆ ಸುರಿದರೆ ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ. ಅಡುಗೆ ಉಪ್ಪು ಉದುರಿಸಿ ನೀರು ಬಿಡಿಸಿ, ಗಟ್ಟಿಯನ್ನು ಕಸಕ್ಕೆ ಹಾಕಿ. ಇದೇ ಜಾತಿಯ ಬಣ್ಣದ ನೀರುಮಣಿಗಳನ್ನು ಚಿಕ್ಕ ಮಕ್ಕಳ ಕೈಗೆ ಕೊಡಲೇಬೇಡಿ. ನುಂಗಿದರೆ ಕರುಳಲ್ಲಿ ಉಬ್ಬಿ ಅಡ್ಡಗಟ್ಟುತ್ತವೆ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿಗಾಗಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.