ಪಾಠದ ನಡುವೆ ರಿಸರ್ಚ್‌ಗೆ ಟೈಮ್ ಎಲ್ಲಿ ಸಿಗುತ್ತೆ, ಮೇಡಂ?

ಮೈಸೂರಿನಲ್ಲಿ ಯಾವ ಸೆಮಿನಾರಿಗೆ ಹೋದರೂ ಊಟದ ಸಾಲಿನಲ್ಲಿ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. ನಾನು ಮಂಡ್ಯದ ಒಂದು ಚಿಕ್ಕ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತೇನೆ. ಯುಜಿಸಿಯ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ. ಕೇಳೋಕೆ ಕಮ್ಮಿ, ಅಲ್ವಾ? ಇಂಟರ್ನಲ್ಸ್, ಅಡ್ಮಿಷನ್, ನ್ಯಾಕ್ (ಕಾಲೇಜಿನ ಗುಣಮಟ್ಟ ಅಳೆಯೋ ಸಂಸ್ಥೆ) ಫೈಲು, ವ್ಯಾಲ್ಯುಯೇಷನ್ ಇವೆಲ್ಲ ಆ ಲೆಕ್ಕಕ್ಕೆ ಬರೋದಿಲ್ಲ.

ಟೈಮ್ ಸಿಗೋದಿಲ್ಲ. ಅದಕ್ಕೇ ಬೆಲ್ ಹೊಡೆದರೆ ಅರ್ಧಕ್ಕೆ ಬಿಟ್ಟು ಹೋಗಬಹುದಾದ ಕೆಲಸ ಹುಡುಕಿಕೊಂಡೆ.

ಮೊದಲು ಪಾಚಿ ಬೆಳೆಸಲು ಹೋಗಿದ್ದೆ. ಪರೀಕ್ಷಾ ಡ್ಯೂಟಿ ಮುಗಿಸಿ ಹತ್ತು ದಿನ ಬಿಟ್ಟು ಬಂದು ನೋಡಿದರೆ ಹಸಿರೆಲ್ಲ ಹೋಗಿ ಫ್ಲಾಸ್ಕು ಬೆಳ್ಳಗಾಗಿತ್ತು. ಈಗ ನಾಲೆ ನೀರಿನಲ್ಲಿ ಕರಗಿರುವ ಆಮ್ಲಜನಕ ಅಳೆಯುತ್ತೇನೆ, 1888ರ ವಿಂಕ್ಲರ್ ವಿಧಾನದಲ್ಲಿ. ಬೆಳಿಗ್ಗೆ ವಿಶ್ವೇಶ್ವರಯ್ಯ ನಾಲೆ ಏರಿ ಮೇಲೆ ಸ್ಕೂಟರ್ ನಿಲ್ಲಿಸಿ, 300 ಎಂಎಲ್ ಬಾಟಲಿಗೆ ಗುಳ್ಳೆ ಸೇರದಂತೆ ನೀರು ತುಂಬುತ್ತೇನೆ. ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರೀಯ ಅಯೊಡೈಡ್. ಆಮ್ಲಜನಕ ಇದ್ದರೆ ಕಂದು ಗಸಿ ತಳಕ್ಕಿಳಿಯುತ್ತದೆ. ಆಸಿಡ್ ಹಾಕಿ ಗಸಿ ಕರಗಿಸಿ ಕತ್ತಲಲ್ಲಿಟ್ಟರೆ ಕೆಲವು ಗಂಟೆ ಏನೂ ಆಗೋದಿಲ್ಲ. ಎರಡು ಕ್ಲಾಸ್ ಮುಗಿಸಿ ಬಂದು ಥಯೋಸಲ್ಫೇಟಿನಲ್ಲಿ ಟೈಟ್ರೇಟ್ ಮಾಡಿ, ಅಂದರೆ ಹನಿ ಹನಿಯಾಗಿ ಹಾಕಿ, ಆಮ್ಲಜನಕ ಎಷ್ಟಿದೆ ಅಂತ ಲೆಕ್ಕ ಹಾಕಬಹುದು. (ಥಯೋಸಲ್ಫೇಟ್ ಕೆಮಿಸ್ಟ್ರಿಯವರದು. ಸಾಲ ಇನ್ನೂ ತೀರಿಸಿಲ್ಲ.)

ಜೊತೆಗೆ ಒಂದಿಬ್ಬರು ವಿದ್ಯಾರ್ಥಿಗಳು ಬರುತ್ತಾರೆ. ಒಬ್ಬ ಹುಡುಗ "ನಮ್ಮೂರ ಆಲೆಮನೆ ಪಕ್ಕದ ಹಳ್ಳದಲ್ಲೂ ನೋಡೋಣ ಮೇಡಂ" ಅಂದ. ಹೋದೆವು. ಅಲ್ಲಿ ಗಸಿ ಕಂದಾಗಲೇ ಇಲ್ಲ, ಬೆಳ್ಳಗೇ ಉಳಿಯಿತು. ಬಾಟಲಿ ಅಲ್ಲಾಡಿಸಿ ಅಲ್ಲಾಡಿಸಿ ನೋಡಿದ. ಕಬ್ಬಿನ ಹಾಲಿನ ಸಿಹಿ ಬೆರೆತ ನೀರಲ್ಲಿ ಬ್ಯಾಕ್ಟೀರಿಯಾ ಬೆಳೆದು ಇದ್ದ ಆಮ್ಲಜನಕವನ್ನೆಲ್ಲ ಮುಗಿಸಿದ್ದವು. ಬಿಒಡಿ (ನೀರಿನ ಕೊಳೆಯನ್ನು ಒಡೆಯಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ) ಅಂದರೇನು ಅಂತ ಎಷ್ಟೋ ವರ್ಷ ಬೋರ್ಡ್ ಮೇಲೆ ಬರೆದಿದ್ದೇನೆ. ಅವತ್ತಿನ ಕ್ಲಾಸಿನಲ್ಲಿ ಬೋರ್ಡ್ ಬೇಕಾಗಲಿಲ್ಲ, ಎರಡು ಬಾಟಲಿ ಮೇಜಿನ ಮೇಲಿಟ್ಟೆ.

ಇದರಿಂದ ದೊಡ್ಡ ಜರ್ನಲ್‌ಗೆ ಪೇಪರ್ ಹೋಗೋದಿಲ್ಲ. ಬೇಜಾರಿಲ್ಲ ಅಂದರೆ ಸುಳ್ಳಾಗುತ್ತದೆ. ನನ್ನ ಜೊತೆ ಪಿಎಚ್‌ಡಿ ಮಾಡಿದವರ ಪೇಪರ್‌ಗಳ ಪಟ್ಟಿ ನೋಡಿದಾಗ ಹೊಟ್ಟೆ ಚುರ್ ಅನ್ನುತ್ತದೆ. ಆದರೆ ಒಂದೇ ತೂಬಿನ ನಾಲ್ಕು ವರ್ಷದ ಅಂಕಿ ನನ್ನ ಹತ್ತಿರ ಇದೆ, ಕಟ್ಟು ನೀರು (ಸರದಿಯ ಮೇಲೆ ಬಿಡುವ ನಾಲೆ ನೀರು) ಬಿಟ್ಟಾಗಿನದೂ ನಿಲ್ಲಿಸಿದಾಗಿನದೂ.

ನಾಲೆಗೆ ನೀರು ಬಿಟ್ಟ ಮಾರನೇ ದಿನ ಮೊದಲ ಪೀರಿಯಡ್‌ಗೆ ಐದು ನಿಮಿಷ ತಡವಾಗಿ ಬರುತ್ತೇನೆ. ಈಗ ಪ್ರಿನ್ಸಿಪಾಲರೂ ಕಾರಣ ಕೇಳೋದಿಲ್ಲ, "ಎಷ್ಟು ಬಂತು?" ಅಂತಾರೆ.