ವೇಬ್ರಿಡ್ಜ್ ಮಾನಿಟರಿಗೆ ಐದು ಸಾಲಿನ ಫೈಲ್

ಲಿನಕ್ಸ್‌ನಲ್ಲಿ ಪರದೆ ಕೈಕೊಟ್ಟರೆ ಎಲ್ಲಿಂದಲೋ ಒಂದು ಪೂರ್ತಿ ಎಕ್ಸ್‌ಆರ್ಗ್ ಕಾನ್ಫ್ (ಪರದೆ, ಕೀಬೋರ್ಡ್ ಮುಂತಾದವುಗಳ ಸೆಟ್ಟಿಂಗ್ ಫೈಲ್) ತಂದು ಹಾಕುವವರೇ ಹೆಚ್ಚು. ಚಿಕ್ಕಮಗಳೂರಿನ ಸುತ್ತ ಕಾಫಿ ಕ್ಯೂರಿಂಗ್ ಘಟಕಗಳ ಕಂಪ್ಯೂಟರ್ ನೋಡಿಕೊಳ್ಳುವ ನಾನು ಮೊದಲು ಲಾಗ್, ಅಂದರೆ ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆ, ಓದುತ್ತೇನೆ.

ಕೊಯ್ಲಿನ ಕಾಲದಲ್ಲಿ ಒಂದು ಘಟಕದ ವೇಬ್ರಿಡ್ಜ್ (ಲಾರಿ ತೂಗುವ ಕಾಟಾ) ಕೋಣೆಯಿಂದ ಫೋನ್ ಬಂತು. "ಸರ್, ಅಕ್ಷರ ಎಲ್ಲಾ ಅಡ್ಡಕ್ಕೆ ಎಳೆದಂಗೆ ಮಸುಕಾಗಿದೆ, ಲಾರಿಯವ್ರಿಗೆ ತೂಕ ಓದಕ್ಕಾಗ್ತಿಲ್ಲ." ಮಾನಿಟರ್ ಮೊದಲಿನದೇ, ಬದಲಾಗಿರಲಿಲ್ಲ. ಬೆಳೆಗಾರರಿಗೂ ತೂಕ ಕಾಣಲೆಂದು ಹೊರಗೊಂದು ಮಾನಿಟರ್ ಇಟ್ಟು, ನಡುವೆ ಒಂದೇ ಚಿತ್ರವನ್ನು ಎರಡು ಮಾನಿಟರಿಗೆ ಹಂಚುವ ವಿಜಿಎ ಸ್ಪ್ಲಿಟ್ಟರ್ ಹಾಕಿದ್ದರು.

ಪರದೆಗೆ ಚಿತ್ರ ಕಳಿಸುವ ಎಕ್ಸ್ ಸರ್ವರ್ ಎಂಬ ಪ್ರೋಗ್ರಾಮಿನ ಲಾಗ್ ಸಾಮಾನ್ಯವಾಗಿ /var/log ಫೋಲ್ಡರಿನಲ್ಲಿರುತ್ತದೆ. ಸರ್ವರ್ ರೂಟ್ (ನಿರ್ವಾಹಕರ ಖಾತೆ) ಅಲ್ಲದೆ ಓಡುತ್ತಿದ್ದರೆ ಬಳಕೆದಾರರ ಹೋಮ್ ಫೋಲ್ಡರಿನೊಳಗೆ ಹುಡುಕಬೇಕು. ಪ್ರತಿ ಸಾಲಿನ ಮುಂದಿನ ಗುರುತು ಬಹಳ ಮುಖ್ಯ: ಎರಡು ಇ ಅಂದರೆ ದೋಷ, ಎರಡು ನಕ್ಷತ್ರ ಅಂದರೆ ನಾವು ಕಾನ್ಫ್‌ನಲ್ಲಿ ಬರೆದದ್ದು, ಎರಡು ಅಡ್ಡಗೆರೆ ಅಂದರೆ ಸರ್ವರ್ ತಾನೇ ಪತ್ತೆ ಹಚ್ಚಿದ್ದು. ಇಲ್ಲಿ ದೋಷದ ಸಾಲೇ ಇರಲಿಲ್ಲ. ಆದರೆ ವಿಜಿಎ-1ರ (ವಿಜಿಎ ಕಿಂಡಿಯ) ಇಡಿಐಡಿ, ಅಂದರೆ ಮಾನಿಟರ್ ಕಳಿಸುವ ತನ್ನ ಪರಿಚಯ, ಎಂಬ ಸಾಲಿನ ಕೆಳಗೆ ಮಾನಿಟರಿನ ವಿವರವೂ ಇರಲಿಲ್ಲ. ಸಿಕ್ಕ ಅತಿ ದೊಡ್ಡ ಅಳತೆ 1024x768. ಅದನ್ನೇ ಅಗಲದ ಪರದೆಗೆ ಎಳೆದದ್ದರಿಂದ ಅಕ್ಷರ ಮಸುಕಾಗಿತ್ತು.

ಮಾನಿಟರ್ ತನ್ನ ಪರಿಚಯವನ್ನು 128 ಬೈಟ್‌ಗಳಲ್ಲಿ ಹೇಳಿಕೊಳ್ಳುತ್ತದೆ. ವಿಜಿಎಯಲ್ಲಿ ಅದು ಬರುವುದು 12 ಮತ್ತು 15ನೇ ಪಿನ್ ಮೂಲಕ. ಅಗ್ಗದ ಸ್ಪ್ಲಿಟ್ಟರುಗಳು ಎಷ್ಟೋ ಸಲ ಆ ದಾರಿಯನ್ನೇ ಬಿಟ್ಟಿರುತ್ತವೆ. ಸ್ಪ್ಲಿಟ್ಟರ್ ಬದಲಿಸುವುದೇ ಸರಿಯಾದ ಪರಿಹಾರ, ಆದರೆ ಅಂಗಳದಲ್ಲಿ ಲಾರಿಗಳು ಸಾಲುಗಟ್ಟಿದ್ದವು.

ಪರದೆಯ ಅಳತೆಗೆ ಬೇಕಾದ ಸಿಗ್ನಲ್ ಲೆಕ್ಕ ಹಾಕುವ ಸಿವಿಟಿ ಕಮಾಂಡಿಗೆ ಮಾನಿಟರಿನ ಅಳತೆ 1600 ಮತ್ತು 900 ಕೊಟ್ಟೆ. 118.25 ಮೆಗಾಹರ್ಟ್ಸ್‌ನ ಮೋಡ್‌ಲೈನ್ (ಆ ಸಿಗ್ನಲ್ಲಿನ ವಿವರದ ಸಾಲು) ಕೊಟ್ಟಿತು. ಅದನ್ನು ಪರದೆಯ ಅಳತೆ ಬದಲಿಸುವ ಎಕ್ಸ್‌ರಾಂಡರ್ ಕಮಾಂಡಿನಿಂದ ಹಾಕಿ ನೋಡಿದೆ, ಎರಡೂ ಪರದೆಯಲ್ಲಿ ಅಕ್ಷರ ಸ್ಪಷ್ಟವಾಯಿತು. ಎಕ್ಸ್‌ರಾಂಡರ್ ಮಾಡಿದ್ದು ಲಾಗೌಟ್ ಆದರೆ ಹೋಗುತ್ತದೆ. ಹಾಗಾಗಿ ಅದೇ ಮೋಡ್‌ಲೈನನ್ನು ಎಕ್ಸ್‌ಆರ್ಗ್ ಕಾನ್ಫ್ ಡಿ (xorg.conf.d) ಫೋಲ್ಡರಿನಲ್ಲಿ ಒಂದು ಮಾನಿಟರ್ ಸೆಕ್ಷನ್ ಆಗಿ ಬರೆದಿಟ್ಟೆ. ಐಡೆಂಟಿಫೈಯರ್ ವಿಜಿಎ-1, ಮೋಡ್‌ಲೈನ್, ಪ್ರಿಫರ್ಡ್ ಮೋಡ್, ಸೆಕ್ಷನ್ನಿನ ಆರಂಭ ಮತ್ತು ಮುಕ್ತಾಯ: ಒಟ್ಟು ಐದೇ ಸಾಲು.

ಅದರಲ್ಲಿ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್, ಕೀಬೋರ್ಡ್, ಮೌಸ್ ಯಾವುದರ ಹೆಸರೂ ಇಲ್ಲ. ಅವನ್ನು ಸರ್ವರ್ ತಾನೇ ಕಂಡುಕೊಳ್ಳುತ್ತದೆ, ಅದಕ್ಕೆ ತಿಳಿಯದ್ದನ್ನಷ್ಟೇ ಹೇಳಿದರೆ ಸಾಕು. ಪೂರ್ತಿ ಕಾನ್ಫ್‌ನಲ್ಲಿ ಡ್ರೈವರ್ ಹೆಸರು ಕಟ್ಟಿಹಾಕಿಬಿಟ್ಟರೆ, ಕಾರ್ಡ್ ಬದಲಾದ ದಿನ ಡೆಸ್ಕ್‌ಟಾಪ್ ಏಳುವುದೇ ಇಲ್ಲ. ಆಗ ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಕಪ್ಪು ಪರದೆಯಲ್ಲಿ ಫೈಲ್ ಅಳಿಸಲು ಮೂಡಿಗೆರೆ ದಾಟಿ ಹೋಗಬೇಕಾಗುತ್ತದೆ. ಇಲ್ಲಿ ಒಳ್ಳೆಯ ಸ್ಪ್ಲಿಟ್ಟರ್ ಬಂದ ಮೇಲೆ ಆ ಒಂದು ಫೈಲ್ ತೆಗೆದರೆ ಮುಗಿಯಿತು.

ನಿಮ್ಮದು ಎಕ್ಸ್ ಬದಲಿಗೆ ಬಂದಿರುವ ವೇಲ್ಯಾಂಡ್ ಸೆಷನ್ ಆಗಿದ್ದರೆ ಈ ಫೈಲಿಗೆ ಅಲ್ಲಿ ಬೆಲೆಯಿಲ್ಲ. ಡೆಸ್ಕ್‌ಟಾಪಿನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲೇ ನೋಡಬೇಕು.